ಖಾಲಾಳ ಬಾಗಿಲಿಗೆ ಬಳಿದ ವಿಭೂತಿ

ನಮ್ಮ ಮನೆಗೂ ಬಳೆ ಮಾರುವ ಖಾಲಾಳ ಮನೆಗೂ ನಡುವೆ ಒಂದೇ ಗೋಡೆ. ಊರು ಸಂತಪುರದ ಹತ್ತಿರ, ಔರಾದ ತಾಲೂಕು. ಹೈದರಾಬಾದ್ ಸಂಸ್ಥಾನದ ಕಡೆಗಾಲದಲ್ಲಿ ಬಂದೂಕು ಹಿಡಿದವರ ಹಾವಳಿ ಹೆಚ್ಚಾದಾಗ ನಾವು ಬಂಡಿ ಕಟ್ಟಿಕೊಂಡು, ಭಾಲ್ಕಿ ದಾಟಿ, ಗಡಿಯಾಚೆ ಸೋಲಾಪುರದ ಕಡೆ ಹೋಗಿ ನೆಲೆ ನಿಂತೆವು. ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದ ಮೇಲೆ ತಿರುಗಿ ಬಂದೆವು. ನಮ್ಮ ಮನೆ ನಮಗೆ ಸಿಕ್ಕಿತು. ಯಾಕೆ ಓಡಿಹೋದಿರಿ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಹೆದರುವ ಸರದಿ ಖಾಲಾಳಂಥ ಮುಸಲ್ಮಾನರದಾಯಿತು. ಖಾಲಾಳ ಗಂಡ ಎಂದೋ ಸತ್ತಿದ್ದ. ಮಕ್ಕಳನ್ನು ಕರೆದುಕೊಂಡು ಬೀದರಿನಲ್ಲಿದ್ದ ಅಣ್ಣನ ಮನೆಗೆ ಹೋದಳು. ಮರುದಿನವೇ ಮನೆ ಲೂಟಿ ಮಾಡುವವರು ಓಣಿಗೆ ಬಂದರು. ಅವ್ವ ವಿಭೂತಿ ಕಲಸಿ ಖಾಲಾಳ ಬಾಗಿಲಿಗೆ ಮೂರು ಬೆರಳಿನಿಂದ ಎಳೆದುಬಿಟ್ಟಳು. ಅದು ನಮ್ಮವರ ಮನೆ ಎಂದುಕೊಂಡು ಅವರು ಮುಂದೆ ಹೋದರು.

ಮನೆ ಉಳಿಯಿತು, ನಿಜ. ಆದರೆ ನಮ್ಮ ಮನೆಯ ಯಜಮಾನ ದೊಡ್ಡಪ್ಪ ಅದರಲ್ಲಿ ದನದ ಮೇವಿನ ಕಣಿಕೆ ಒಟ್ಟಿ, ಎತ್ತು ಕಟ್ಟಿದ. ಮುಂದಿನ ಮಳೆಗಾಲದ ಹೊತ್ತಿಗೆ ಖಾಲಾ ಮಕ್ಕಳೊಂದಿಗೆ ಹಿಂದಿರುಗಿದಾಗ ದೊಡ್ಡಪ್ಪ ಬಾಗಿಲಲ್ಲಿ ನಿಂತು, "ವಿಭೂತಿ ಕಾಣ್ಸಲ್ಲೇನು? ಇದು ನಮ್ಮ ಮನಿ ಅದ" ಎಂದ. ಅವಳು ಮಕ್ಕಳನ್ನು ನಮ್ಮ ಕಟ್ಟೆಯ ಮೇಲೆ ಕೂರಿಸಿ, ತಾನೊಬ್ಬಳೇ ಔರಾದಕ್ಕೆ ನಡೆದುಹೋಗಿ ಕಚೇರಿಯಲ್ಲಿ ಹೇಳಿ ಬಂದಳು.

ಅಲ್ಲಿಂದ ಗಿರದಾವರ ಬಂದ. ಜಮೀನು, ಮನೆಗಳ ತಕರಾರು ನೋಡುವವ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಬಾಗಿಲನ್ನು ನೋಡಿ, "ಗುರುತಂತೂ ನಿಮ್ದೇ ಕಾಣಸ್ತದ" ಎಂದ.

ದೊಡ್ಡಪ್ಪ, "ಮತ್ತೇನ್ರಿ ಸಾಹೇಬ್ರ. ಊರು ಬಿಟ್ಟವ್ರಿಗಿ ಅವ್ರ ಮನಿ ವಾಪಸ್ ಕೊಡ್ರಿ ಅನ್ನೋ ಸರ್ಕಾರದ ಹುಕುಂ ನಮ್ಮಂಥ ಕಷ್ಟಪಟ್ಟವ್ರಿಗಿ. ಈಕಿ ತಾನಾಗೇ ಹೋದಾಕಿ" ಎಂದ.

"ಅಣ್ಣಾ, ನಾ ಜಾತ್ರಿಗಿ ಹೋಗಿದ್ನೇನು?" ಎಂದಳು ಖಾಲಾ.

ಅವ್ವ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಗಂಡನ ಅಣ್ಣನ ಎದುರು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ನನ್ನ ಹೆಗಲು ಹಿಡಿದು ಮುಂದೆ ನಿಲ್ಲಿಸಿಕೊಂಡು, ಎಲ್ಲರಿಗೂ ಕೇಳುವಂತೆ ನನಗೇ ಹೇಳಿದಳು. "ನಿಮ್ಮ ದೊಡ್ಡಪ್ಪಗ ಹೇಳು, ವಿಭೂತಿ ಹಚ್ಚಿದಾಕಿ ನಾನು. ಮನಿ ಉಳೀಲಿ ಅಂತ ಹಚ್ಚಿದ್ದೆ, ತಗೊಳ್ಳಾಕಲ್ಲ."

ದೊಡ್ಡಪ್ಪನೂ ನನ್ನನ್ನೇ ನೋಡಿ ಗುಡುಗಿದ. "ನಿಮ್ಮವ್ವಗ ಹೇಳು, ಒಳಗ ರೊಟ್ಟಿ ಸೀದೀತು, ಹೋಗು ಅಂತ."

"ಸೀದರ ಸೀಯಲಿ, ಅವ್ರೇ ತಿಂತಾರ ಅಂತ ಹೇಳು. ಮತ್ತ ಇದೂ ಹೇಳು. ನಾವು ಗಡಿಯಾಚಿ ಹೋದಾಗ ನಮ್ಮ ಬಾಗಲಿಗಿ ತನ್ನ ಪರದಾ ಕಟ್ಟಿ, ಇಲ್ಲಿ ನಮ್ಮ ಹೆಣ್ಮಕ್ಳು ಇದ್ದಾರ ಅಂತ ಬಂದೂಕಿನವ್ರನ್ನ ವಾಪಸ್ ಕಳ್ಸಿದಾಕಿ ಯಾರು? ನಾವು ಬಂದಾಗ ಆ ಪರದಾ ತೋರ್ಸಿ ಮನಿ ನಂದು ಅಂದಳೇನು?"

ಈ ಸಂಗತಿ ನನಗೆ ಆವತ್ತೇ ಗೊತ್ತಾಗಿದ್ದು. ದೊಡ್ಡಪ್ಪನಿಗೆ ಮೊದಲೇ ಗೊತ್ತಿತ್ತು. ಅವನು ನನ್ನ ಮುಖ ಬಿಟ್ಟು ನೆಲ ನೋಡಿದ.

ಗಿರದಾವರ ಬಟ್ಟಲು ಕೆಳಗಿಟ್ಟ. "ಹುಕುಮಿನ್ಯಾಗ ಯಾವ ಜಾತಿ, ಯಾರಿಗೆ ಹೆದರಿ ಹೋದ್ರು ಅಂತ ಬರ್ದಿಲ್ರಿ. ಊರು ಬಿಟ್ಟವ್ರು ಅಂತಷ್ಟೇ ಅದ. ನಿಮ್ಗ ಮನಿ ಬಂದದಂದ್ರ ಈಕಿಗೂ ಬರ್ತದ. ಇಲ್ಲಾಂದ್ರ ನಿಮ್ದೂ ಮತ್ತ ನೋಡಬೇಕಾಗ್ತದ."

ದೊಡ್ಡಪ್ಪ ಎತ್ತು ಬಿಚ್ಚಿಕೊಂಡು ಹೋದ. ಬುದ್ಧಿ ಬಂದು ಬಿಚ್ಚಿದನೆಂದು ನಾನು ಹೇಳುವುದಿಲ್ಲ. ತಕರಾರು ತನ್ನ ಮನೆಗೂ ಬಂದೀತೆಂದು ಬಿಚ್ಚಿದ. ನಮ್ಮ ಓಣಿಯಿಂದ ಹೋದ ಉಳಿದ ಮುಸಲ್ಮಾನರು ಯಾರೂ ತಿರುಗಿ ಬರಲಿಲ್ಲ, ಅವರ ಪರವಾಗಿ ಯಾರೂ ಬಾಯಿ ಬಿಡಲೂ ಇಲ್ಲ. ಅವರ ಮನೆಗಳಲ್ಲಿ ಈಗ ಬೇರೆಯವರಿದ್ದಾರೆ.

ಕಣಿಕೆಯನ್ನು ದೊಡ್ಡಪ್ಪ ಮುಟ್ಟಲಿಲ್ಲ. ಅವ್ವ, ಖಾಲಾ, ನಾನು ಸೇರಿ ಸಂಜೆಯ ತನಕ ಹೊತ್ತು ಹೊರಗೆ ಹಾಕಿದೆವು. ಖಾಲಾ ಸೀನುತ್ತ ಸೀನುತ್ತ ಒಳಗೆಲ್ಲ ಒಮ್ಮೆ ನೋಡಿ ಬಂದು ಅವ್ವನಿಗೆ ಹೇಳಿದಳು.

"ನಿಮ್ಮ ಭಾವ್ನೋರಿಗಿ ಹೇಳು ಅಕ್ಕಾ. ಎತ್ತು ಕಟ್ಟಿದ್ದಕ್ಕ ನಾ ಬಾಡಿಗಿ ಕೇಳಂಗಿಲ್ಲ. ನೆಲ ಸಾರ್ಸಾಕ ಸೆಗಣಿ ಬಿಟ್ಟು ಹೋಗ್ಯಾರ."