ಫ್ರೆಂಚ್ ಕೌಂಟರ ಬಾಗಿಲಲ್ಲಿ ಹೇಸ್‌ನ ಹೆಳವ

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಒಂದು ಬಾಡಿಗೆ ಮನೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಡುಗೆಮನೆಯ ನೆಲದ ಮೇಲೆ ಚಾಪೆಯಷ್ಟು ಉದ್ದದ ಕಾಗದ ಹಾಸಿಕೊಂಡು ಶರಣಬಸವ ಮಂಡಿಯೂರಿ ಕೂತಿದ್ದಾರೆ. ಕಾಗದದ ತುಂಬ ಹೆಸರು, ಹೆಸರಿನಿಂದ ಹೆಸರಿಗೆ ಗೆರೆ. ಬೆರಳಿಟ್ಟು ರಾಗವಾಗಿ ಓದುತ್ತಾರೆ: ‘ರೋಬೇರನ ಮಗ ಗೀಯೋಮ್, ಗೀಯೋಮನ ಮಗ ಹ್ಯೂಗ್...’ ಪಕ್ಕದಲ್ಲೇ ಹೆಂಡತಿ ಚನ್ನಬಸವ್ವ ರೊಟ್ಟಿ ಬಡಿಯುತ್ತಿದ್ದಾರೆ.

‘ಏನ್ರೀ, ನಿಮ್ಮ ಕೌಂಟಗೋಳನ್ನ ಒಂಚೂರು ಸರಸ್ರಿ. ನಾ ತುಳದ್ರ ಮತ್ತ ವಂಶ ಹಾಳಾತು ಅಂತೀರಿ.’

‘ತುಳಿಯವ್ವಾ, ತುಳಿ. ಹಾಳ ಮಾಡಿದಾಂವ ನಾನ ಅದೇನಿ, ನಿಂದೇನ ತಪ್ಪು?’

ಆ ಮಾತು ತಮಾಷೆಯದಲ್ಲ. ಶರಣಬಸವ ಕೆಲಸ ಮಾಡುವುದು ಜನರ ವಂಶಾವಳಿ ಹುಡುಕಿಕೊಡುವ ಲಂಡನ್ನಿನ ಒಂದು ಕಚೇರಿಯಲ್ಲಿ. ಅವರ ಪಾಲಿಗೆ ಬಂದಿರುವುದು ಮಧ್ಯಯುಗದ ಫ್ರಾನ್ಸಿನ ‘ದ ವಲ್‌ಬ್ರೂನ್’ ಎಂಬ ಮನೆತನ. ಯಾರು ಯಾರ ಮಗ, ಕೌಂಟ್ ಪದವಿ ಯಾವ ರಾಜನಿಂದ ಬಂತು, ಯಾರ ಕಾಲಕ್ಕೆ ಹೋಯಿತು, ಎಲ್ಲ ಹಳೆಯ ಪತ್ರಗಳಿಂದ ಹೆಕ್ಕಬೇಕು. ಬೆಳಗಾವಿ ಕಡೆಯಿಂದ ಬಂದ ಮನುಷ್ಯ ಹೀಥ್ರೂ ಪಕ್ಕದ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತ, ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚು, ಲ್ಯಾಟಿನ್ನು ಕಲಿತು ಈ ಮೇಜಿಗೆ ಬಂದಿದ್ದಾರೆ. ಆದರೂ ಚೌಕಟ್ಟು ಹಾಕಿದ ವಂಶವೃಕ್ಷದ ಕೆಳಗೆ ಅವರ ಹೆಸರಿಲ್ಲ. ಸಹಿ ಮ್ಯಾನೇಜರನದು.

ಈ ವೃಕ್ಷ ಮಾಡಿಸಿದವರು ರಿಚ್‌ಮಂಡ್‌ನ ಎಡ್ಮಂಡ್ ವಲ್‌ಬ್ರೂನ್ ಎಂಬ ಮುದುಕರು. ತಾನು ಕೌಂಟರ ಕುಡಿ ಎಂದು ತಿಳಿದ ದಿನ ಫೋನಿನಲ್ಲೇ ಅತ್ತಿದ್ದರಂತೆ. ಈ ಶನಿವಾರ ಮಧ್ಯಾಹ್ನ ನೆಂಟರನ್ನೆಲ್ಲ ಕರೆದು ಅದನ್ನು ಓದಿಸುತ್ತಿದ್ದಾರೆ.

ಆ ವೃಕ್ಷ ಸುಳ್ಳು. ಸುಳ್ಳೆಂದು ಗೊತ್ತಿರುವುದು ಶರಣಬಸವರಿಗೆ, ಮ್ಯಾನೇಜರನಿಗೆ.

‘ಹ್ಯೂಗ್‌ಗ ಗಂಡಮಕ್ಕಳ ಇರಲಿಲ್ರಿ,’ ಎನ್ನುತ್ತಾರೆ, ಕನ್ನಡ ಸಂಘದ ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದ ನನಗೆ ಕಾಗದದ ನಡುವಿನ ಒಂದು ಗೆರೆ ತೋರಿಸಿ. ‘ಮಗಳ ಗಂಡ ಬಂದು ಮನಿಯಾಗ ನಿಂತ, ಅವರ ಹೆಸರs ಇಟಗೊಂಡ, ಹೊಲಮನಿ ಉಳಿಸಿದ. ನಾ ಅವನ್ನ ಮಗಾ ಅಂತ ಬರದಬಿಟ್ಟೆ. ಆದ್ರ ರಾಜಾ ಪದವಿ ಕೊಟ್ಟಿದ್ದು ಗಂಡು ಸಂತಾನಕ್ಕಷ್ಟ. ಅಲ್ಲಿಗೇ ಅದು ಮುಗದತ್ರಿ.’

ಲ್ಯಾಟಿನ್ ಬಲ್ಲವರು ಇಷ್ಟು ದೊಡ್ಡ ತಪ್ಪು ಹೇಗೆ ಮಾಡಿದರು? ಶರಣಬಸವ ಕಾಗದ ಸುತ್ತತೊಡಗುತ್ತಾರೆ. ಕೊನೆಗೆ ಚನ್ನಬಸವ್ವನೇ ಹಿಟ್ಟಿನ ಕೈಯಲ್ಲಿ ಹೇಳುತ್ತಾರೆ: ‘ಹೇಳಬಾರದೇನು? ನಾವು ಹೆಳವರು ಅಂತ ಹೇಳ್ರಿ. ಬಾಯಿ ಬಿದ್ದ ಹೋಗತೈತೇನ?’

ಉತ್ತರ ಕರ್ನಾಟಕದ ಹಳ್ಳಿಯವರಿಗೆ ಹೆಳವರು ಗೊತ್ತು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಬಾಗಿಲಲ್ಲಿ ನಿಂತು ಆ ಮನೆಯ ತಲೆಮಾರುಗಳನ್ನು ಹೇಳಿ ಜೋಳ, ಬಟ್ಟೆ ಪಡೆಯುವವರು. ಶರಣಬಸವರ ಅಪ್ಪ, ಅಜ್ಜ ಮಾಡಿದ್ದು ಅದೇ. ಅವರ ಲೆಕ್ಕದಲ್ಲಿ ಮನೆ ಹಿಡಿದು ನಿಂತ ಅಳಿಯನೂ ಮಗನೇ. ಎಳವೆಯಲ್ಲಿ ಕೇಳಿದ್ದು ಕೈಯಲ್ಲಿ ಕೂತಿದೆ. ಫ್ರಾನ್ಸಿನ ಅಳಿಯ ಬಂದಾಗ ಕೈ ತಾನೇ ಬರೆದುಬಿಟ್ಟಿದೆ.

ಲಂಡನ್ನಿನ ಕನ್ನಡಿಗರಿಗೆ ಮಾತ್ರ ಅವರು ಅಪ್ಪ ಸಾಲಿ ಮಾಸ್ತರ ಎಂದೇ ಹೇಳಿಕೊಂಡು ಬಂದಿದ್ದಾರೆ. ಯಾಕೆ ಅಂತ ಕೇಳುವ ಮುಖ ನಮಗಿದೆಯಾ? ಈಸ್ಟ್ ಹ್ಯಾಮ್‌ನ ಹೋಟೆಲಿನಲ್ಲಿ ದೋಸೆ ಮೇಜಿಗೆ ಬರುವುದರೊಳಗೆ ‘ನಿಮ್ಮದು ಯಾವ ಪೈಕಿ?’ ಅಂತ ಕೇಳಿ ಮುಗಿಸಿರುತ್ತೇವೆ. ಕೌಂಟರ ವಂಶ ಹೇಳಿದರೆ ಸಂಶೋಧಕ, ದೇಸಾಯರ ವಂಶ ಹೇಳಿದರೆ ಬೇಡಲು ಬಂದವ! ಥೂ. ಏಳು ಸಮುದ್ರ ದಾಟಿ ಬಂದು ನಾವು ಗಂಟು ಕಟ್ಟಿಕೊಂಡು ತಂದದ್ದು ಇದನ್ನಾ?

ತಪ್ಪು ತಿಳಿದ ಕೂಡಲೇ ಅವರು ಮ್ಯಾನೇಜರನ ಮುಂದೆ ನಿಂತರು. ‘ಆರೇಳುನೂರು ವರ್ಷದ ಹಿಂದಿನದನ್ನು ಯಾರು ನೋಡ್ತಾರೆ? ಸುಮ್ಮನಿರು, ಕೆಲಸ ಉಳಿಸಿಕೋ’ ಎಂದಾಯಿತು ಉತ್ತರ. ಆದರೆ ಅಜ್ಜ ಕಲಿಸಿದ್ದು ಬೇರೆ. ಒಂದು ಬಾಗಿಲಲ್ಲಿ ತಪ್ಪು ಹೇಳಿದರೆ ಅದೇ ಬಾಗಿಲಲ್ಲಿ ನಿಂತು ತಿದ್ದಬೇಕು. ತಿದ್ದುವ ತನಕ ಆ ಮನೆಯ ನೀರೂ ಮುಟ್ಟಬಾರದು.

ಶನಿವಾರ ರಿಚ್‌ಮಂಡ್‌ನ ಆ ಮನೆಯ ಮುಂದೆ ಶರಣಬಸವ ಇಸ್ತ್ರಿ ಮಾಡಿದ ಕೋಟಿನಲ್ಲಿ ನಿಂತಿದ್ದಾರೆ. ಒಳಗೆ ನಗು, ಗ್ಲಾಸಿನ ಸದ್ದು. ಎಡ್ಮಂಡ್ ತಾವೇ ಬಂದು ಕೈ ಹಿಡಿದು ಎಳೆಯುತ್ತಾರೆ: ‘ಬನ್ನಿ ಬನ್ನಿ, ಮೊದಲು ಟೀ.’ ಇವರು ಹೊಸ್ತಿಲು ದಾಟುವುದಿಲ್ಲ. ಅಲ್ಲೇ ನಿಂತು, ಇಂಗ್ಲಿಷಿನಲ್ಲಿ, ರೋಬೇರನಿಂದ ಶುರುಮಾಡಿ ಒಂದೊಂದೇ ಹೆಸರು ಹೇಳಿ ಹ್ಯೂಗ್ ಬಳಿ ನಿಲ್ಲುತ್ತಾರೆ. ‘ಇವನಿಗೆ ಮಗನಿಲ್ಲ. ನಿಮ್ಮ ಮೂಲ ಇವನ ಅಳಿಯ. ಮನೆ ನಿಮ್ಮದು, ಹೆಸರು ನಿಮ್ಮದು. ಪದವಿ ನಿಮ್ಮದಲ್ಲ. ತಪ್ಪು ನನ್ನದು.’

ಒಳಗಿನ ನಗು ನಿಂತಿದೆ. ಅತಿಥಿಯಾಗಿ ಬಂದಿದ್ದ ಮ್ಯಾನೇಜರ್ ನೆಂಟರ ನಡುವೆ ನಿಂತು ಗೋಡೆ ನೋಡುತ್ತಿದ್ದಾನೆ.

‘ಇಂಥ ತಪ್ಪು ಹೇಗಾಗುತ್ತೆ?’ ಎಡ್ಮಂಡ್ ಕೇಳುತ್ತಾರೆ.

ಶರಣಬಸವರ ಕಿವಿ ಕೆಂಪಾಗುತ್ತದೆ. ‘ನಮ್ಮಪ್ಪ ಮನೆಮನೆಗೆ ಹೋಗಿ ವಂಶ ಹೇಳಿ ಕಾಳು ತರುತ್ತಿದ್ದ. ಅವನ ಲೆಕ್ಕದಲ್ಲಿ ಅಳಿಯನೂ ಮಗನೇ. ಆ ಲೆಕ್ಕ ನಿಮಗೆ ಹಾಕಿಬಿಟ್ಟೆ.’

ಮುದುಕರು ಬೈಯುವುದಿಲ್ಲ. ‘ನೀವು ಹೋಗಬಹುದು’ ಎಂದು ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಾರೆ.

ಸ್ಟೇಷನ್ನಿನ ದಾರಿಯುದ್ದಕ್ಕೂ ಶರಣಬಸವ ತಲೆ ಎತ್ತಿಲ್ಲ. ಸೋಮವಾರ ಮೇಜು ಇರುತ್ತದೋ ಇಲ್ಲವೋ ಗೊತ್ತಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕೂತು ಹೇಳುತ್ತಾರೆ: ‘ಮುದುಕನ ಮುಖಾ ನೋಡಿ ಭಾಳ ನಾಚಿಕಿ ಆತ್ರಿ. ಆದ್ರ ಅಪ್ಪನ ಬಗ್ಗೆ ಹೇಳೂಮುಂದ ಕಿವಿ ಸುಟ್ಟಂಗಾತಲ್ಲ, ಅದು ಇದಕ್ಕಿಂತ ದೊಡ್ಡ ನಾಚಿಕಿ. ಅಷ್ಟ ವರ್ಷ ಅಂವಗ ಇಲ್ಲದ ನೌಕರಿ ಕೊಟ್ಟಿದ್ನಿ.’

ಈ ಬರಹ ಅಚ್ಚಾದರೆ ಸಂಘದ ಎಲ್ಲರೂ ಓದುತ್ತಾರೆ. ಹೆಸರು ಬದಲಿಸೋಣವೇ ಎಂದರೆ ಅವರು ಬೇಡವೆಂದು ತಲೆಯಾಡಿಸುತ್ತಾರೆ.

‘ಶರಣಬಸವ ಹೆಳವರ ಅಂತನs ಹಾಕ್ರಿ. ವೀರಣ್ಣನ ಮಗ.’ ಟ್ಯೂಬ್ ರೈಲು ಬಂದು ನಿಲ್ಲುತ್ತದೆ. ಹತ್ತುವ ಮುನ್ನ ಹೊರಳಿ ನೋಡುತ್ತಾರೆ. ‘ಜಾಗಾ ಉಳದ್ರ ಅಜ್ಜನ ಹೆಸರೂ ಹಾಕ್ರಿ. ಶಂಕರ.’