ಒದ್ದೆ ಮರಳಿನ ಮೇಲಿನ ಗಡಿಗೆ

ಕ್ಯಾಸಲ್‌ರಾಕ್‌ನಲ್ಲಿ ನಾನು ಮೊದಲು ಕಲಿತದ್ದು ಅನುಮಾನ ಪಡುವುದನ್ನು. ಐವತ್ತರ ದಶಕದ ಕೊನೆಯ ಮಾತು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು, ನಮ್ಮದು ಗಡಿಯ ಊರು. ಸ್ಟೇಷನ್ನಿನಲ್ಲಿ ಇಳಿದವರ ಗಂಟನ್ನು ಪೊಲೀಸರು ಬಿಚ್ಚಿಸಿ ನೋಡುತ್ತಿದ್ದರು. ನಾನು ತವರೂರು ತೇರಗಾಂವದಿಂದ ತಂದಿದ್ದ ಜೋಳದ ಹಿಟ್ಟಿನಲ್ಲೂ ಒಬ್ಬಾತ ಕೈಯಾಡಿಸಿದ. ಹೊಸ ಸೀರೆಯ ಸೆರಗಿನೊಳಗೆ ಹಲ್ಲು ಕಡಿದುಕೊಂಡು ನಿಂತೆ.

ನನ್ನ ಗಂಡ ಅಲ್ಲಿ ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಎರಡು ಕೋಣೆಯ ಕ್ವಾರ್ಟರ್ಸು. ಅದು ಸಿಗುವತನಕ ನಾನು ತವರಿನಲ್ಲೇ ಇದ್ದೆ. ಬೇಸಿಗೆಯ ಆರಂಭದಲ್ಲಿ ಬಂದವಳು ತವರಿನಲ್ಲಿ ಮಾಡುತ್ತಿದ್ದಂತೆಯೇ ಸಂಸಾರ ಹೂಡಿದೆ. ನಮ್ಮ ಕಡೆ ಸಂಜೆ ಹಾಲಿಗೆ ಹೆಪ್ಪು ಹಾಕಿದ ಮೇಲೆ ಗಡಿಗೆಯನ್ನು ಕುಡಿಯುವ ನೀರಿನ ಕೊಡಗಳ ಪಕ್ಕ, ಒದ್ದೆ ಮರಳಿನ ಮೇಲೆ ಇಡುತ್ತಾರೆ. ಇಲ್ಲದಿದ್ದರೆ ಆ ಬಿಸಿಲಿಗೆ ಬೆಳಗಾಗುವುದರೊಳಗೆ ಮೊಸರು ಹುಳಿ ಬಂದು ಬಾಯಿಗಿಡಲಾಗುವುದಿಲ್ಲ. ನನ್ನವ್ವ, ಅವಳ ಅವ್ವ, ಎಲ್ಲರೂ ಹಾಗೇ ಇಟ್ಟವರು. ನಾನೂ ಇಟ್ಟೆ. ಮೂರು ತಿಂಗಳು ಚಾಕುವಿನಿಂದ ಕೊಯ್ಯುವಂಥ ಮೊಸರು ತಿಂದೆವು.

ಆಮೇಲೆ ಒಂದೇ ವಾರದಲ್ಲಿ ಎರಡು ಬಂದವು: ಮಳೆ, ಮತ್ತು ನನ್ನ ಅತ್ತೆ.

ಆ ಮಳೆಯನ್ನು ಬಯಲುಸೀಮೆಯವರಿಗೆ ಹೇಳಿ ತಿಳಿಸಲಾಗದು. ಹಗಲಿಗೂ ದೀಪ ಬೇಕು. ಉಪ್ಪು ನೀರಾಯಿತು. ಗಂಡನ ಚರ್ಮದ ಬೆಲ್ಟಿನ ಮೇಲೆ ಬೂಷ್ಟು, ಗೋಡೆಯ ಮೇಲೆ ಪಾಚಿ, ಅಂಗಳ ದಾಟಿದರೆ ಕಾಲಿಗೆ ರಕ್ತ ಹೀರುವ ಇಂಬಳ. ಬೇಡದ್ದೆಲ್ಲ ಸೊಕ್ಕಿ ಬೆಳೆಯುತ್ತಿತ್ತು. ಬೇಕಾದ ಒಂದೇ ಒಂದು ಮಾತ್ರ ಜೀವ ಹಿಡಿಯಲಿಲ್ಲ. ಬೆಳಿಗ್ಗೆ ಗಡಿಗೆಯ ಮುಚ್ಚಳ ತೆಗೆದರೆ ಒಳಗೆ ನಿನ್ನೆಯ ಹಾಲೇ ಇತ್ತು, ಅದೂ ಕಹಿಯಾಗಿ, ನೂಲುನೂಲಾಗಿ.

ಮೊದಲು ಹಾಲು ಕೊಡುವ ಗೌಳಿಗಿತ್ತಿಯನ್ನು ಹಿಡಿದೆವು.

"ದೇವರಾಣಿ ಬಾಯಿ, ನಾ ನೀರು ಹಾಕಿಲ್ಲ. ಮ್ಯಾಲಿಂದ ಬಿದ್ದದ್ದಕ್ಕ ನಾ ಏನು ಮಾಡ್ಲಿ?" ಎಂದು ಅವಳು ಆಕಾಶಕ್ಕೆ ಕೈ ತೋರಿಸಿ ನಡೆದಳು.

ಪಕ್ಕದ ಕ್ವಾರ್ಟರ್ಸಿನಿಂದ ಬೇರೆ ಹೆಪ್ಪು ತಂದೆ. ಅವರ ಮನೆಯಲ್ಲಿ ಅದೇ ಹೆಪ್ಪಿಗೆ ಮೊಸರಾಗುತ್ತಿತ್ತು, ನಮ್ಮಲ್ಲಿ ಆಗಲಿಲ್ಲ. ಹಾಗಾದರೆ ಕಳ್ಳರು ಮನೆಯೊಳಗೇ ಇದ್ದಾರೆ ಎಂದು ಅತ್ತೆಗೂ ನನಗೂ ಅನ್ನಿಸಿತು.

ಅತ್ತೆ ಬಾಯಿಬಿಟ್ಟೇ ಹೇಳಿದರು. "ನಿನ್ನ ಕೈಗುಣ ಚಲೋ ಇಲ್ಲ. ಹಾಲಽ ನಿಲ್ಲದ ಕೈಯಾಗ ಬಸಿರು ಹೆಂಗ ನಿಂತೀತು?"

ಮದುವೆಯಾಗಿ ಎರಡು ವರ್ಷವಾಗಿತ್ತು. ಆದ ಒಂದು ಬಸಿರು ನಿಂತಿರಲಿಲ್ಲ. ಅಳಲಿಲ್ಲ, ಲೆಕ್ಕ ಹಾಕಿದೆ. ಇವರು ಬರುವತನಕ ಮೊಸರು ಚೆನ್ನಾಗಿತ್ತು, ಇವರು ಬಂದ ಮೇಲೆ ಕೆಟ್ಟಿತು. ನನ್ನನ್ನು ತವರಿಗಟ್ಟಲು ಇವರೇ ಗಡಿಗೆಗೆ ಏನೋ ಬೆರೆಸುತ್ತಿದ್ದಾರೆ.

ಅಂದಿನಿಂದ ಗಡಿಗೆಯ ಮುಚ್ಚಳದ ಮೇಲೆ ಒಂದು ಜೋಳದ ಕಾಳು ಇಡತೊಡಗಿದೆ. ಮುಚ್ಚಳ ತೆಗೆದರೆ ಕಾಳು ಬೀಳಬೇಕು. ಪ್ರತಿ ಬೆಳಿಗ್ಗೆಯೂ ಅದು ನೆಲದ ಮೇಲೆ ಬಿದ್ದಿರುತ್ತಿತ್ತು. ಇದಕ್ಕಿಂತ ಸಾಕ್ಷಿ ಬೇಕೇ? ನಾನು ಏನಾದರೂ ಬೆರೆಸುತ್ತೇನೋ ಎಂದು ಅವರೂ ಮುಚ್ಚಳ ತೆಗೆದು ಮೂಸಿ ನೋಡುತ್ತಿರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂದು ದಿನ ಗಂಡ ತಲೆ ತಗ್ಗಿಸಿಕೊಂಡು ಹೇಳಿದರು: "ಅವ್ವ ನಿಮ್ಮಪ್ಪಗ ಪತ್ರ ಬರಿಸ್ಯಾಳ. ನಾಳಿನ ಗಾಡಿಗೆ ಬರ್ತಾರ, ನಿನ್ನ ಕರಕೊಂಡು ಹೋಗಾಕ."

"ಪತ್ರ ಬರದವ್ರು ಯಾರು?"

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಬರೆದ ಕೈ ಯಾವುದೆಂದು ಬೇರೆ ಹೇಳಬೇಕಾಗಿರಲಿಲ್ಲ. ಹೀಗೆ ಹೋದವಳನ್ನು ಮರಳಿ ಕರೆಯುವವರಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲೇ ಅಂಥವಳೊಬ್ಬಳು ಅಣ್ಣಂದಿರ ಮನೆಯ ಕಸ ಬಳಿಯುತ್ತ ಮುದುಕಿಯಾಗಿದ್ದಳು.

ಆ ಸಂಜೆ ಗಡಿಗೆಗೆ ಹೆಪ್ಪು ಹಾಕಿ ಎಂದಿನಂತೆ ಒದ್ದೆ ಮರಳಿನ ಮೇಲಿಟ್ಟೆ. ಆದರೆ ಅದೇ ಹಾಲನ್ನು, ಅದೇ ಹೆಪ್ಪನ್ನು ಒಂದು ಸಣ್ಣ ಮಗಿಯಲ್ಲೂ ಹಾಕಿ ಅತ್ತೆಯ ಕಣ್ಣಿಗೆ ಬೀಳದಂತೆ ಒಲೆಯ ಹಿಂದಿನ ಬೂದಿಯಲ್ಲಿ ಹುದುಗಿಸಿದೆ. ನನ್ನ ಕೈಗುಣವನ್ನು ಅಪ್ಪನ ಮುಂದೆ ಸಾಧಿಸಿ ತೋರಿಸುವ ಹಟ.

ಬೆಳಿಗ್ಗೆ ಗಡಿಗೆ ಎಂದಿನಂತೆ ಕೆಟ್ಟಿತ್ತು. ಮಗಿಯಲ್ಲಿ ಗಟ್ಟಿ ಮೊಸರು. ಅದನ್ನು ಎತ್ತಿ ತಂದು ಅತ್ತೆಯ ಮುಂದೆ ಕುಕ್ಕಿದೆ. "ನೋಡ್ರಿ ಅತ್ತ್ಯಾರ, ಇದು ನನ್ನ ಕೈಯಿಂದ ಆದದ್ದು. ನೀವು ಮುಟ್ಟದ್ದು!"

ಅತ್ತೆ ತಮ್ಮ ಹಾಸಿಗೆಯ ಹತ್ತಿರ ಹೋದರು. ಹೊದೆಯುವ ಕೌದಿಯ ಮಡಿಕೆಯೊಳಗಿಂದ ಒಂದು ತಂಬಿಗೆ ತೆಗೆದು ನನ್ನ ಮಗಿಯ ಪಕ್ಕ ಇಟ್ಟರು. ಅದರಲ್ಲೂ ಗಟ್ಟಿ ಮೊಸರು. "ಇದು ನನ್ನ ಕೈಯಿಂದ ಆದದ್ದು. ನೀ ಮುಟ್ಟದ್ದು."

ಇಬ್ಬರೂ ಗೆದ್ದಿದ್ದೆವು, ಆದರೆ ಸೋತವರು ಯಾರೆಂದು ತಿಳಿಯಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ನಾನು ಮಗಿ ಮುಟ್ಟಿದೆ, ತಂಬಿಗೆ ಮುಟ್ಟಿದೆ. ಎರಡೂ ಬೆಚ್ಚಗಿದ್ದವು. ಗಡಿಗೆ ಮುಟ್ಟಿದೆ. ಹೆಣದ ಹಾಗೆ ತಣ್ಣಗಿತ್ತು. ಅತ್ತೆಯೂ ಮುಟ್ಟಿದರು, ಮರಳಿನಲ್ಲಿ ಬೆರಳಾಡಿಸಿದರು.

"ನಮ್ಮೂರಾಗೂ ಹಿಂಗಽ ಇಡ್ತೇವಿ" ಎಂದರು ಮೆಲ್ಲಗೆ.

"ನಮ್ಮೂರಾಗೂ" ಎಂದೆ.

ತೇರಗಾಂವದಲ್ಲಿ ಮೊಸರನ್ನು ಉಳಿಸುವ ಜಾಗ ಇಲ್ಲಿ ಅದನ್ನು ಕೊಲ್ಲುತ್ತಿತ್ತು. ಸಾಕಷ್ಟು ಬಿಸಿ ಸಿಕ್ಕರೆ ತಾನೇ ಹೆಪ್ಪು ಬದುಕುವುದು? ಜೋಳ ನಮ್ಮಲ್ಲಿ ಬೆಳೆದು ಇಲ್ಲಿ ಮುಗ್ಗುವುದನ್ನು ಕಣ್ಣಾರೆ ಕಂಡೂ ಇಷ್ಟು ಅರ್ಥವಾಗದ ನಮ್ಮಿಬ್ಬರ ಬುದ್ಧಿಗೆ ಏನೆನ್ನಲಿ.

ಮಧ್ಯಾಹ್ನ ಅಪ್ಪ ತೊಯ್ದು ತೊಪ್ಪೆಯಾಗಿ ಬಂದರು. ಅತ್ತೆ ಬಡಿಸಿದರು. ಮಗಿಯದೂ ತಂಬಿಗೆಯದೂ ಕೂಡಿಸಿದ ಮೊಸರು. ಅಪ್ಪ ತುತ್ತು ಎತ್ತಲಿಲ್ಲ. "ಪತ್ರ ಮುಟ್ಟಿತ್ರಿ. ಕರಕೊಂಡು ಹೋಗ್ತೇನಿ" ಎಂದರು.

ನಾನು ಬಾಗಿಲ ಹಿಂದೆ ನಿಂತಿದ್ದೆ.

"ಉಣ್ರಿ ಬೀಗರ" ಎಂದರು ಅತ್ತೆ. "ಇಕಿ ಹೋದ್ರ ಇಲ್ಲೆ ಹೆಪ್ಪು ಹಾಕೋರು ಯಾರು?"

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ನಾನೂ ಅನ್ನಲಿಲ್ಲ. ಅಪ್ಪ ಸಂಜೆಯ ಗಾಡಿಗೆ ಒಬ್ಬರೇ ಹೋದರು. ದೀಪ ಹಚ್ಚುವ ಹೊತ್ತಿಗೆ ನಾನು ಹೆಪ್ಪು ಹಾಕಿದ ಗಡಿಗೆಯನ್ನು ಅತ್ತೆ ತಮ್ಮ ಕೌದಿಯಲ್ಲಿ ಸುತ್ತಿ ಒಲೆಯ ಬದಿಗಿಟ್ಟರು. ಅವರು ಆಚೆ ಹೋದದ್ದೇ ತಡ, ಹಾಳು ಬುದ್ಧಿ, ಕೌದಿಯ ಮಡಿಕೆಯ ಮೇಲೆ ಒಂದು ಜೋಳದ ಕಾಳು ಇಟ್ಟೆ.

ಬೆಳಿಗ್ಗೆ ಕಾಳು ಇಟ್ಟಲ್ಲೇ ಇತ್ತು. ಅತ್ತೆ ಸೆರಗನ್ನೇ ಹೊದ್ದು, ಮೊಣಕಾಲು ಎದೆಗವಚಿಕೊಂಡು, ಚಳಿಗೆ ನಡುಗುತ್ತ ಮಲಗಿದ್ದರು.