ಗಟ್ಟಿಯಾಗದ ನೀರು

ಪಕ್ಕದ ಮನೆಯ ಶಾಂತಕ್ಕ ಬಿಸಿಲಿನಲ್ಲಿ ಬಂದವರೇ ನಮ್ಮ ಫ್ರೀಜರಿನಿಂದ ತಮ್ಮ ಬಾಟಲಿ ತೆಗೆದು ಬಾಯಿಗೆ ಹಿಡಿದರು. ಮರುಕ್ಷಣವೇ ಓಡಿಹೋಗಿ ಅಂಗಳದಲ್ಲಿ ಉಗುಳಿದರು.

‘ಏನ್ರಿ ಟೀಚರ್, ಇದು ನೀರೋ ಉಪ್ಪಿನಕಾಯಿ ರಸಾನೋ?’

ರಾಯಚೂರಿನ ಬೇಸಿಗೆಯಲ್ಲಿ ಓಣಿಯ ಅರ್ಧ ಮಂದಿಯ ಬಾಟಲಿಗಳು ನಮ್ಮ ಫ್ರೀಜರಿನಲ್ಲೇ ಇರುತ್ತವೆ. ನೀರು ಕಲ್ಲಿನಂತಾಗಿರುತ್ತದೆ. ಅದು ಕರಗುವವರೆಗೆ ಬಂದವರೆಲ್ಲ ಪಡಸಾಲೆಯಲ್ಲಿ ಕೂತು ಹರಟುವುದರಿಂದ ನಮ್ಮತ್ತೆಯ ಮಧ್ಯಾಹ್ನದ ನಿದ್ದೆ ಹಾಳು. ಹಿಂದಿನ ದಿನ ಅತ್ತೆ, ನೀರು ಗಟ್ಟಿಯಾಗದಂತೆ ಏನಾದರೂ ಉಪಾಯವಿದೆಯೇ ಎಂದು ಕೇಳಿದ್ದರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಉಪ್ಪು ಬೆರೆತ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಅದಕ್ಕೆ ಇನ್ನೂ ಹೆಚ್ಚು ತಂಪು ಬೇಕು ಎಂದು ಉತ್ಸಾಹದಿಂದ ವಿವರಿಸಿದ್ದೆ. ಬೆಳಿಗ್ಗೆ ಅತ್ತೆ ಪ್ರತಿ ಬಾಟಲಿಗೂ ಒಂದೊಂದು ಮುಷ್ಟಿ ಉಪ್ಪು ಸುರಿದು, ಚೆನ್ನಾಗಿ ಕುಲುಕಿ ಇಟ್ಟಿದ್ದರು.

ಒಳಗೆ ಮಲಗಿದ್ದ ಅತ್ತೆ ಏಳಲೂ ಇಲ್ಲ. ‘ನಿಮ್ಮ ಟೀಚರೇ ಹೇಳ್ಯಾಳ. ಗಟ್ಟಿ ಆಗಿಲ್ಲಲ್ಲ ಶಾಂತವ್ವಾ, ಒಯ್ಯಿ ಇನ್ನ.’

ಈಗ ಎಲ್ಲರೂ ಫ್ರೀಜರು ಬಿಟ್ಟು ಕೆಳಗಿನ ಅರೆಯಲ್ಲಿ ಬಾಟಲಿ ಇಡುತ್ತಾರೆ. ಒಯ್ಯುವ ಮುಂಚೆ ಮೊದಲ ಗುಟುಕನ್ನು ನನಗೇ ಕುಡಿಸಿ, ನನ್ನ ಮುಖ ನೋಡುತ್ತಾರೆ. ಒಳಗಿನಿಂದ ಅತ್ತೆಯ ಗೊರಕೆ ಕೇಳುತ್ತಿರುತ್ತದೆ.